ಪುಟ್ಟ ನಾಯಿಗೆ ಐಸ್‌ಕ್ರೀಮ್: ಕೊಡುವ ಮುನ್ನ, ಕೊಟ್ಟ ಮೇಲೆ, ಕದ್ದು ತಿಂದಾಗ

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆರೋಗ್ಯವಾಗಿರುವ, ಪೂರ್ಣ ಬೆಳೆದ ಪುಟ್ಟ ನಾಯಿ ಸಾದಾ ವೆನಿಲಾ ಐಸ್‌ಕ್ರೀಮನ್ನು ಒಂದು ಟೀ ಚಮಚದಷ್ಟು ತಿಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅದೇ ನಾಯಿ ಕ್ಸೈಲಿಟಾಲ್ ಎಂಬ ಬದಲಿ ಸಿಹಿ ಬೆರೆತ ಸಕ್ಕರೆರಹಿತ ಐಸ್‌ಕ್ರೀಮನ್ನು ಅಷ್ಟೇ ತಿಂದರೂ ಒಂದು ಗಂಟೆಯೊಳಗೆ ಕುಸಿದು ಬೀಳಬಹುದು. ಇವೆರಡರ ನಡುವೆ ಹೊಟ್ಟೆ ಕೆಡುವುದು, ಮೈ ಬೆಳೆಯುವುದು, ಮೇದೋಜೀರಕ ಗ್ರಂಥಿ ಊದಿಕೊಳ್ಳುವುದು ಮುಂತಾದ ಹತ್ತಾರು ಸಾಧ್ಯತೆಗಳಿವೆ. ಆದ್ದರಿಂದ ‘ಕೊಡಬಹುದೇ?’ ಎಂದು ಕೇಳಿದರೆ ಸಾಲದು. ಯಾವ ನಾಯಿಗೆ, ಯಾವ ಐಸ್‌ಕ್ರೀಮ್, ಎಷ್ಟು ಎಂಬ ಮೂರನ್ನೂ ಕೇಳಬೇಕು.

ನನ್ನನ್ನು ಕೇಳಿದರೆ, ಅಂಗಡಿಯ ಐಸ್‌ಕ್ರೀಮ್ ಕೊಡದಿರುವುದೇ ಒಳ್ಳೆಯದು. ನಾಯಿಗೆ ಅದರಿಂದ ಸಿಗುವ ಪೋಷಣೆ ಏನೂ ಇಲ್ಲ, ಮತ್ತು ಅದಕ್ಕಿಂತ ರುಚಿಯಾದ ತಣ್ಣನೆಯ ತಿನಿಸನ್ನು ಮನೆಯಲ್ಲೇ ಹತ್ತು ನಿಮಿಷದಲ್ಲಿ ಮಾಡಬಹುದು. ಆದರೂ ಮನೆ ಎಂದಮೇಲೆ ಮಕ್ಕಳಿರುತ್ತಾರೆ, ಅತಿಥಿಗಳು ಬರುತ್ತಾರೆ, ಆಸೆಗಣ್ಣಿನಿಂದ ನೋಡುವ ನಾಯಿಗೆ ಯಾರಾದರೂ ಒಂದು ಚಮಚ ಕೊಟ್ಟೇ ಕೊಡುತ್ತಾರೆ. ಕೊಡುವುದಾದರೆ ತಿಳಿದು ಕೊಡಲಿ ಎಂಬುದಕ್ಕಾಗಿ ಈ ಮಾರ್ಗದರ್ಶಿ. ಇಲ್ಲಿ ಪುಟ್ಟ ನಾಯಿ ಎಂದರೆ ಸುಮಾರು 10 ಕಿಲೋ ಒಳಗಿನದು: ಚಿವಾವಾ, ಪೊಮೆರೇನಿಯನ್, ಯಾರ್ಕ್‌ಶೈರ್ ಟೆರಿಯರ್, ಶಿಟ್ಜು, ಪಗ್, ಮಿನಿಯೇಚರ್ ಡ್ಯಾಶ್‌ಹೌಂಡ್, ಅದೇ ಗಾತ್ರದ ಮಿಶ್ರ ತಳಿಗಳು.

ಐಸ್‌ಕ್ರೀಮಿನಲ್ಲಿ ತೊಂದರೆ ಕೊಡುವುದು ಯಾವುದು?

ತಾಯಿಯ ಹಾಲು ಕುಡಿಯುವ ವಯಸ್ಸಿನಲ್ಲಿ ಮರಿಯ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಹೇರಳವಾಗಿರುತ್ತದೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆಯುವುದು ಅದರ ಕೆಲಸ. ಮರಿ ಹಾಲು ಬಿಟ್ಟ ಮೇಲೆ ಈ ಕಿಣ್ವ ಕಡಿಮೆಯಾಗುತ್ತಾ ಹೋಗುತ್ತದೆ. ಎಷ್ಟು ಕಡಿಮೆಯಾಗುತ್ತದೆ ಎಂಬುದು ನಾಯಿಯಿಂದ ನಾಯಿಗೆ ಬೇರೆ. ಒಡೆಯದೆ ಉಳಿದ ಲ್ಯಾಕ್ಟೋಸ್ ಕರುಳಿನೊಳಕ್ಕೆ ನೀರನ್ನು ಸೆಳೆದುಕೊಳ್ಳುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅನಿಲ ಮಾಡುತ್ತವೆ. ಹೊಟ್ಟೆಯುಬ್ಬರ, ಗುಡುಗುಡು ಸದ್ದು, ನೀರಾದ ಮಲ ಎಲ್ಲವೂ ಇದರ ಫಲ. ಐಸ್‌ಕ್ರೀಮಿಗೆ ಹಾಲಿನ ಜೊತೆ ಹಾಲಿನ ಪುಡಿಯನ್ನೂ ಸೇರಿಸುವುದರಿಂದ ಅದೇ ತೂಕದ ಹಾಲಿಗಿಂತ ಅದರಲ್ಲಿ ಲ್ಯಾಕ್ಟೋಸ್ ಹೆಚ್ಚೇ ಇರಬಹುದು. ‘ನಮ್ಮ ನಾಯಿಗೆ ಹಾಲು ಕೊಟ್ಟರೆ ಭೇದಿಯಾಗುತ್ತದೆ, ಐಸ್‌ಕ್ರೀಮ್ ಪರವಾಗಿಲ್ಲವೇ?’ ಎಂದು ಕೇಳುವವರಿಗೆ ಇದೇ ಉತ್ತರ: ಪರವಾಗಿಲ್ಲ ಎನ್ನಲು ಕಾರಣವೇ ಇಲ್ಲ.

ಎರಡನೆಯದು ಕೊಬ್ಬು. ಸಾಮಾನ್ಯ ವೆನಿಲಾ ಐಸ್‌ಕ್ರೀಮಿನಲ್ಲಿ ನೂರು ಗ್ರಾಮಿಗೆ ಸುಮಾರು 10ರಿಂದ 12 ಗ್ರಾಂ ಕೊಬ್ಬು, 20 ಗ್ರಾಂ ಆಸುಪಾಸು ಸಕ್ಕರೆ, 200 ಕ್ಯಾಲೊರಿಯಷ್ಟು ಶಕ್ತಿ ಇರುತ್ತದೆ. ಕೆನೆ ಹೆಚ್ಚಿರುವ ದುಬಾರಿ ಬಗೆಗಳಲ್ಲಿ ಕೊಬ್ಬು ಇನ್ನೂ ಹೆಚ್ಚು. ಒಮ್ಮೆಲೇ ಕೊಬ್ಬಿನ ಆಹಾರ ಹೊಟ್ಟೆಗೆ ಬಿದ್ದಾಗ ಕೆಲವು ನಾಯಿಗಳ ಮೇದೋಜೀರಕ ಗ್ರಂಥಿಯಲ್ಲಿ ಉರಿಯೂತ ಉಂಟಾಗುತ್ತದೆ. ಅದು ಬಹಳ ನೋವಿನ, ಕೆಲವೊಮ್ಮೆ ಜೀವಕ್ಕೇ ಎರವಾಗುವ ಕಾಯಿಲೆ. ದುರದೃಷ್ಟವೆಂದರೆ ಮಿನಿಯೇಚರ್ ಷ್ನಾಜರ್, ಯಾರ್ಕ್‌ಶೈರ್ ಟೆರಿಯರ್‌ಗಳಂಥ ಪುಟ್ಟ ತಳಿಗಳಲ್ಲೇ ಅದರ ಅಪಾಯ ಹೆಚ್ಚು. ಷ್ನಾಜರ್‌ಗಳ ರಕ್ತದಲ್ಲಿ ಕೊಬ್ಬಿನ ಅಂಶ ಹೆಚ್ಚಿರುವುದು ಸಾಮಾನ್ಯ.

ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವ ನಾಯಿಗಳೂ ಇವೆ. ಇದು ಲ್ಯಾಕ್ಟೋಸ್ ಜೀರ್ಣವಾಗದಿರುವುದಕ್ಕಿಂತ ಬೇರೆ ತೊಂದರೆ. ಹೊಟ್ಟೆಗಿಂತ ಹೆಚ್ಚಾಗಿ ಚರ್ಮದಲ್ಲಿ ಕಾಣಿಸಿಕೊಳ್ಳುತ್ತದೆ. ನಾಯಿ ಪಾದಗಳನ್ನು ಬಿಡದೆ ನೆಕ್ಕುವುದು, ಕಿವಿ ಕೆರೆದುಕೊಳ್ಳುವುದು, ಕಿವಿಯ ಸೋಂಕು ಮತ್ತೆ ಮತ್ತೆ ಬರುವುದು ಇದರ ಗುರುತು. ಇಂಥ ನಾಯಿಗೆ ಲ್ಯಾಕ್ಟೋಸ್ ತೆಗೆದ ಐಸ್‌ಕ್ರೀಮ್ ಕೊಟ್ಟರೂ ಪ್ರಯೋಜನವಿಲ್ಲ, ಪ್ರೋಟೀನ್ ಅದರಲ್ಲಿ ಹಾಗೆಯೇ ಉಳಿದಿರುತ್ತದೆ.

ಹಂತ 1: ನಾಯಿಯನ್ನು ತೂಗಿ, ಲೆಕ್ಕ ಹಾಕಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನು ಮಾತ್ರ ಮಾಡುವಷ್ಟು ತಾಳ್ಮೆ ನಿಮಗಿದ್ದರೆ ಇದನ್ನು ಮಾಡಿ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ. ವ್ಯತ್ಯಾಸವೇ ನಾಯಿಯ ತೂಕ.

ಈಗ ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಪಶುವೈದ್ಯರು ಬಳಸುವ ಸೂತ್ರವನ್ನು ಮನೆಯಲ್ಲೂ ಸುಲಭವಾಗಿ ಮಾಡಬಹುದು. ತೂಕವನ್ನು ಅದರಿಂದಲೇ ಎರಡು ಸಲ ಗುಣಿಸಿ (3 ಕಿಲೋ ಆದರೆ 3×3×3 = 27), ವರ್ಗಮೂಲದ ಗುಂಡಿಯನ್ನು ಎರಡು ಬಾರಿ ಒತ್ತಿ, ಬಂದ ಸಂಖ್ಯೆಯನ್ನು 70ರಿಂದ ಗುಣಿಸಿ. ನಾಯಿ ಏನೂ ಮಾಡದೆ ಮಲಗಿದ್ದರೂ ಅದರ ದೇಹಕ್ಕೆ ದಿನಕ್ಕೆ ಬೇಕಾಗುವ ಕ್ಯಾಲೊರಿ ಇದು. ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ಸಾಧಾರಣವಾಗಿ ಓಡಾಡಿಕೊಂಡಿರುವ ವಯಸ್ಕ ನಾಯಿಗಾದರೆ ಇದನ್ನು 1.6ರಿಂದ ಗುಣಿಸಬೇಕು. 3 ಕಿಲೋ ನಾಯಿಗೆ ದಿನಕ್ಕೆ ಸುಮಾರು 255 ಕ್ಯಾಲೊರಿ ಬರುತ್ತದೆ, 5 ಕಿಲೋ ನಾಯಿಗೆ 375, 8 ಕಿಲೋ ನಾಯಿಗೆ 530. ಚಟುವಟಿಕೆ, ವಯಸ್ಸಿಗೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಆದರೆ ಅಂದಾಜಿಗೆ ಇಷ್ಟು ಸಾಕು.

ಊಟವಲ್ಲದ ತಿನಿಸುಗಳೆಲ್ಲ ಸೇರಿ ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗವನ್ನು ಮೀರಬಾರದು ಎಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಹಾಗಾದರೆ 3 ಕಿಲೋ ನಾಯಿಯ ಪಾಲಿಗೆ ಬರುವುದು 25 ಕ್ಯಾಲೊರಿ. ಅದರಲ್ಲೇ ಬಿಸ್ಕತ್ತು, ತರಬೇತಿಯ ತುಣುಕು, ಯಾರೋ ಮೇಜಿನ ಕೆಳಗೆ ಜಾರಿಸಿದ ಚೂರು ಎಲ್ಲವೂ ಸೇರಬೇಕು.

ಈಗ ಒಂದು ಚಿಕ್ಕ ಉಂಡೆ ಐಸ್‌ಕ್ರೀಮನ್ನು ಯೋಚಿಸಿ. ತೂಕ 60 ಗ್ರಾಂ ಎಂದಿಟ್ಟುಕೊಂಡರೆ ಸುಮಾರು 120 ಕ್ಯಾಲೊರಿ. ಆ ಮೂರು ಕಿಲೋ ನಾಯಿಗೆ ಇದು ದಿನದ ಆಹಾರದ ಹೆಚ್ಚುಕಡಿಮೆ ಅರ್ಧ. ದಿನಕ್ಕೆ ಎರಡು ಸಾವಿರ ಕ್ಯಾಲೊರಿ ಬೇಕಾದ ಮನುಷ್ಯ ಒಂದೇ ಕೂರಿನಲ್ಲಿ ಸಾವಿರ ಕ್ಯಾಲೊರಿಯ ಸಿಹಿ ತಿಂದಂತಾಯಿತು. ‘ಒಂದೇ ಒಂದು ಉಂಡೆ ತಾನೇ’ ಎನ್ನುವ ಮಾತು ಲ್ಯಾಬ್ರಡಾರ್ ಸಾಕಿದವರ ಬಾಯಲ್ಲಿ ಹೇಗೋ ನಡೆದುಹೋಗುತ್ತದೆ, ಪೊಮೆರೇನಿಯನ್ ಸಾಕಿದವರ ಬಾಯಲ್ಲಿ ನಡೆಯುವುದಿಲ್ಲ.

ಒಂದು ಮಟ್ಟಸ ಟೀ ಚಮಚದಲ್ಲಿ 4–5 ಗ್ರಾಂ ಹಿಡಿಯುತ್ತದೆ, ಅಂದರೆ 8ರಿಂದ 10 ಕ್ಯಾಲೊರಿ. 5 ಕಿಲೋ ಒಳಗಿನ ನಾಯಿಗೆ ಅದೇ ಮಿತಿ. 5ರಿಂದ 10 ಕಿಲೋ ನಾಯಿಗೆ ಎರಡು ಟೀ ಚಮಚ. ಇದು ನನ್ನ ಬಿಗಿಯಾದ ಅಳತೆ; ಕ್ಯಾಲೊರಿಯ ಲೆಕ್ಕದಲ್ಲಿ ಇನ್ನೂ ಸ್ವಲ್ಪ ಹಿಡಿಸಬಹುದು, ಆದರೆ ಸಕ್ಕರೆ, ಕೊಬ್ಬು, ಲ್ಯಾಕ್ಟೋಸ್ ಮೂರೂ ಒಟ್ಟಿಗೆ ಬರುವ ತಿನಿಸಿನಲ್ಲಿ ಕೈ ಬಿಗಿಯಾಗಿರುವುದೇ ಲೇಸು. ಐಸ್‌ಕ್ರೀಮಿನಲ್ಲಿ ಗಾಳಿ ಬೆರೆತಿರುವುದರಿಂದ ಕಣ್ಣಳತೆ ಮೋಸ ಮಾಡುತ್ತದೆ. ಅಗ್ಗದ ಬಗೆಯಲ್ಲಿ ಗಾತ್ರದ ಅರ್ಧದಷ್ಟು ಗಾಳಿಯೇ ಇರಬಹುದು. ಗಟ್ಟಿ ಬಗೆಯ ಒಂದು ಚಮಚ ಅದಕ್ಕಿಂತ ಬಹಳ ಭಾರ. ಅಡುಗೆಮನೆಯ ಚಿಕ್ಕ ತಕ್ಕಡಿ ಇದ್ದರೆ ಗ್ರಾಮಿನಲ್ಲೇ ಅಳೆಯಿರಿ.

ಹಂತ 2: ನಿಮ್ಮ ನಾಯಿ ಕೊಡಬಾರದ ಗುಂಪಿನಲ್ಲಿದೆಯೇ?

ಕೆಲವು ನಾಯಿಗಳಿಗೆ ಒಂದು ಚಮಚವೂ ಬೇಡ. ಹಿಂದೆ ಮೇದೋಜೀರಕದ ಉರಿಯೂತ ಬಂದಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ರಕ್ತದಲ್ಲಿ ಕೊಬ್ಬು ಹೆಚ್ಚಿದೆ ಎಂದು ಪರೀಕ್ಷೆಯಲ್ಲಿ ಬಂದಿದ್ದರೆ, ಹಾಲಿನ ಅಲರ್ಜಿ ಇದ್ದರೆ, ವೈದ್ಯರು ಪಥ್ಯದ ಆಹಾರ ಬರೆದುಕೊಟ್ಟಿದ್ದರೆ ಇಲ್ಲಿಗೇ ನಿಲ್ಲಿಸಿ. ಷ್ನಾಜರ್ ತಳಿಯಾದರೆ ಆರೋಗ್ಯವಾಗಿದ್ದರೂ ನಾನು ಕೊಡುವುದಿಲ್ಲ.

ತೂಕ ಹೆಚ್ಚಾದ ನಾಯಿಗೂ ಬೇಡ. ಪುಟ್ಟ ನಾಯಿಯಲ್ಲಿ ಅರ್ಧ ಕಿಲೋ ಹೆಚ್ಚಾದರೂ ಅದು ದೊಡ್ಡ ಹೊರೆ. ಪೊಮೆರೇನಿಯನ್, ಯಾರ್ಕ್‌ಶೈರ್ ಟೆರಿಯರ್‌ಗಳಲ್ಲಿ ಶ್ವಾಸನಾಳ ಕುಗ್ಗುವ ತೊಂದರೆ ಸಾಮಾನ್ಯ. ಮೈ ಬೆಳೆದಂತೆ ಆ ಕೆಮ್ಮು ಹೆಚ್ಚುತ್ತದೆ. ಡ್ಯಾಶ್‌ಹೌಂಡಿನ ಉದ್ದ ಬೆನ್ನಿನ ಮೇಲೂ ಆ ತೂಕವೇ ಕೂರುತ್ತದೆ. ಪಕ್ಕೆಗಳ ಮೇಲೆ ಹಗುರವಾಗಿ ಕೈಯಾಡಿಸಿದರೆ ಎಲುಬುಗಳು ಬೆರಳಿಗೆ ಸಿಗಬೇಕು. ಒತ್ತಿ ಹುಡುಕಬೇಕಾದರೆ ತೂಕ ಹೆಚ್ಚಾಗಿದೆ ಎಂದರ್ಥ.

ಮರಿಗಳ ವಿಷಯದಲ್ಲಿ ಹಲವರು ‘ಮರಿಗೆ ಹಾಲು ಜೀರ್ಣವಾಗುತ್ತದಲ್ಲ’ ಎಂದು ವಾದಿಸುತ್ತಾರೆ. ಲ್ಯಾಕ್ಟೇಸ್ ಇದ್ದರೂ ಅಷ್ಟೊಂದು ಸಕ್ಕರೆ, ಕೊಬ್ಬನ್ನು ತಡೆದುಕೊಳ್ಳುವ ಹೊಟ್ಟೆ ಅದಲ್ಲ. ಒಂದು ಕಿಲೋ ತೂಗುವ ಮರಿಗೆ ಭೇದಿ ಹಿಡಿದರೆ ಕೆಲವೇ ಗಂಟೆಗಳಲ್ಲಿ ನಿರ್ಜಲೀಕರಣವಾಗುತ್ತದೆ, ತಿನ್ನುವುದನ್ನು ಬಿಟ್ಟರೆ ರಕ್ತದ ಸಕ್ಕರೆ ಅಂಶ ಕುಸಿಯುತ್ತದೆ. ಅತಿ ಚಿಕ್ಕ ತಳಿಯ ಮರಿಗಳಲ್ಲಿ ಈ ಕುಸಿತ ಬಲುಬೇಗ.

ಔಷಧಿ ನಡೆಯುತ್ತಿರುವ ನಾಯಿಗೆ ಗುಳಿಗೆಯನ್ನು ಐಸ್‌ಕ್ರೀಮಿನಲ್ಲಿ ಬಚ್ಚಿಟ್ಟು ಕೊಡುವ ಅಭ್ಯಾಸ ಕೆಲವರಿಗಿದೆ. ಟೆಟ್ರಾಸೈಕ್ಲಿನ್ ಗುಂಪಿನ ಆಂಟಿಬಯಾಟಿಕ್‌ಗಳು ಹಾಲಿನ ಕ್ಯಾಲ್ಸಿಯಂ ಜೊತೆ ಅಂಟಿಕೊಳ್ಳುವುದರಿಂದ ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಗುಳಿಗೆ ಕೊಡಲು ಬೇರೆ ದಾರಿ ಹುಡುಕಿ.

ಹಂತ 3: ಡಬ್ಬಿಯ ಹಿಂಬದಿಯನ್ನು ಪೂರ್ತಿ ಓದಿ

ಡಬ್ಬಿಯ ಮುಂಭಾಗದಲ್ಲಿ ದೊಡ್ಡದಾಗಿ ಬರೆದಿರುವುದನ್ನು ನಂಬಿ ಕೊಡಬೇಡಿ. ಹಿಂದೆ ಸಣ್ಣ ಅಕ್ಷರದಲ್ಲಿರುವ ಪದಾರ್ಥಗಳ ಪಟ್ಟಿಯೇ ಮುಖ್ಯ, ಮತ್ತು ಅದರಲ್ಲಿ ಮೊದಲು ಹುಡುಕಬೇಕಾದ ಹೆಸರು ಕ್ಸೈಲಿಟಾಲ್.

ಕ್ಸೈಲಿಟಾಲ್ ಎಂಬುದು ಸಕ್ಕರೆಯ ಬದಲಿಗೆ ಬಳಸುವ ಸಿಹಿ. ಮನುಷ್ಯರಿಗೆ ಅದರಿಂದ ಇಂಥ ತೊಂದರೆಯಿಲ್ಲ. ನಾಯಿಯ ದೇಹ ಮಾತ್ರ ಅದನ್ನು ಕಂಡೊಡನೆ ಸಕ್ಕರೆ ಬಂತೆಂದು ಬಗೆದು ಇನ್ಸುಲಿನ್ ಸುರಿಸುತ್ತದೆ. ಫಲವಾಗಿ ರಕ್ತದ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಹೆಚ್ಚಿನ ನಾಯಿಗಳಲ್ಲಿ ಅರ್ಧದಿಂದ ಒಂದು ಗಂಟೆಯಲ್ಲೇ ವಾಂತಿ, ತೂರಾಟ, ನಿತ್ರಾಣ, ಸೆಳವು ಕಾಣಿಸಿಕೊಳ್ಳಬಹುದು. ಕೆಲವದರಲ್ಲಿ ಹಲವು ಗಂಟೆ ತಡವಾಗುತ್ತದೆ. ಕಿಲೋ ತೂಕಕ್ಕೆ 0.1 ಗ್ರಾಂ ದಾಟಿದರೆ ಸಕ್ಕರೆ ಕುಸಿಯುವ ಅಪಾಯ, 0.5 ಗ್ರಾಂ ದಾಟಿದರೆ ಯಕೃತ್ತಿಗೇ ಹಾನಿಯಾಗುವ ಅಪಾಯ ಎಂದು ಪಶುವೈದ್ಯರು ಗಣಿಸುತ್ತಾರೆ. 3 ಕಿಲೋ ನಾಯಿಗೆ ಮೊದಲ ಗೆರೆ 0.3 ಗ್ರಾಂ, ಬೆರಳುಗಳ ನಡುವೆ ಹಿಡಿಯುವ ಒಂದು ಚಿಟಿಕೆ. ‘ಸಕ್ಕರೆರಹಿತ’, ‘ಮಧುಮೇಹಿಗಳಿಗೆ’, ‘ಕೀಟೋ’ ಎಂದೆಲ್ಲ ಬರೆದ ಡಬ್ಬಿಗಳಲ್ಲಿ ಇದು ಇರಬಹುದು. ಬರ್ಚ್ ಶುಗರ್, ವುಡ್ ಶುಗರ್, ಇ967 ಎಂಬ ಹೆಸರುಗಳಲ್ಲೂ ಇದು ಅಡಗಿರುತ್ತದೆ. ಸಾರ್ಬಿಟಾಲ್, ಮಾಲ್ಟಿಟಾಲ್, ಎರಿಥ್ರಿಟಾಲ್‌ಗಳು ಕ್ಸೈಲಿಟಾಲಿನಂತೆ ವಿಷವಲ್ಲ, ಆದರೆ ಭೇದಿ ಮಾಡಿಸುತ್ತವೆ. ನನ್ನ ನಿಯಮ ಸರಳ: ಸಕ್ಕರೆರಹಿತ ಎಂದು ಬರೆದ ಯಾವುದನ್ನೂ ನಾಯಿಯ ಹತ್ತಿರ ಸುಳಿಯಲು ಬಿಡುವುದಿಲ್ಲ, ಪಟ್ಟಿ ಏನೇ ಹೇಳಲಿ.

ಮುಂದಿನದು ಚಾಕೊಲೇಟ್. ಕೋಕೋದಲ್ಲಿರುವ ಥಿಯೋಬ್ರೊಮಿನ್ ನಾಯಿಯ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ. ಅರ್ಧದಷ್ಟು ಇಳಿಯಲು ಸುಮಾರು ಹದಿನೇಳೂವರೆ ಗಂಟೆ ಬೇಕು. ಕಿಲೋಗೆ 20 ಮಿಲಿಗ್ರಾಂ ಆದಾಗ ವಾಂತಿ, ಚಡಪಡಿಕೆ ಶುರುವಾಗುತ್ತದೆ, 40ರಿಂದ 50 ಆದಾಗ ಹೃದಯದ ಬಡಿತ ತಪ್ಪುತ್ತದೆ, 60 ಆದಾಗ ಸೆಳವು ಬರಬಹುದು. ಹಾಲಿನ ಚಾಕೊಲೇಟಿನಲ್ಲಿ ಗ್ರಾಮಿಗೆ ಸುಮಾರು 2 ಮಿಲಿಗ್ರಾಂ ಇರುವುದರಿಂದ 3 ಕಿಲೋ ನಾಯಿಗೆ 30 ಗ್ರಾಂ ಸಾಕು ತೊಂದರೆ ಶುರುವಾಗಲು. ಕಪ್ಪು ಚಾಕೊಲೇಟಾದರೆ ಹತ್ತು ಹನ್ನೆರಡು ಗ್ರಾಂ. ಚಾಕೊಲೇಟ್ ಐಸ್‌ಕ್ರೀಮಿನಲ್ಲಿ ಕೋಕೋ ಅಂಶ ಇವುಗಳಿಗಿಂತ ಕಡಿಮೆ, ಹಾಗಾಗಿ ನಾಯಿ ಒಮ್ಮೆ ನೆಕ್ಕಿತೆಂದು ಗಾಬರಿಯಾಗುವುದು ಬೇಡ. ಹೆಚ್ಚು ಎಚ್ಚರ ಬೇಕಾದದ್ದು ಐಸ್‌ಕ್ರೀಮಿನ ಮೇಲಿನ ದಪ್ಪ ಚಾಕೊಲೇಟ್ ಹೊದಿಕೆ, ಒಳಗಿನ ಕಪ್ಪು ತುಣುಕುಗಳು, ಕೋನಿನ ತುದಿಯಲ್ಲಿ ಗಟ್ಟಿಯಾಗಿ ಕೂತಿರುವ ಚಾಕೊಲೇಟ್ ಮುದ್ದೆ. ‘ಕೋನ್ ಮಾತ್ರ ತಾನೇ’ ಎಂದು ಆ ತುದಿಯನ್ನೇ ನಾಯಿಗೆ ಕೊಡುವವರು ಬಹಳ.

ಒಣದ್ರಾಕ್ಷಿ ಇರುವ ಐಸ್‌ಕ್ರೀಮ್ ಖಂಡಿತ ಬೇಡ. ದ್ರಾಕ್ಷಿ, ಒಣದ್ರಾಕ್ಷಿಗಳು ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು 2021ರಲ್ಲಿ ಅಮೆರಿಕದ ಪಶು ವಿಷತಜ್ಞರು ಮುಂದಿಟ್ಟರು. ಹಣ್ಣಿನಿಂದ ಹಣ್ಣಿಗೆ ಅದರ ಪ್ರಮಾಣ ಬೇರೆಯಾಗುವುದರಿಂದ ಇಷ್ಟು ತಿಂದರೆ ಸುರಕ್ಷಿತ ಎಂದು ಹೇಳಬಲ್ಲ ಅಳತೆ ಇಲ್ಲ. ಒಂದು ನಾಯಿ ತಿಂದು ಅರಗಿಸಿಕೊಂಡಿತು ಎಂಬುದು ಇನ್ನೊಂದಕ್ಕೆ ಭರವಸೆಯಾಗುವುದಿಲ್ಲ. ರಮ್ ಬೆರೆತ ಬಗೆಯಲ್ಲಿ ಒಣದ್ರಾಕ್ಷಿಯ ಜೊತೆ ಮದ್ಯವೂ ಇರಬಹುದು.

ಕಾಫಿ, ಮಾಚಾ ಸ್ವಾದಗಳಲ್ಲಿ ಕೆಫೀನ್ ಇರುತ್ತದೆ, ಅದು ಥಿಯೋಬ್ರೊಮಿನ್‌ನ ಜೊತೆಯದೇ. ಮಕಡಾಮಿಯಾ ಬೀಜ ತಿಂದರೆ ಹಿಂಗಾಲುಗಳು ಸೋಲುತ್ತವೆ, ಮೈ ನಡುಗುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತವೆ. ಬಾದಾಮಿ, ಗೋಡಂಬಿ, ಪಿಸ್ತಾಗಳಲ್ಲಿ ಅಂಥ ವಿಷವಿಲ್ಲ, ಆದರೆ ಕೊಬ್ಬು ಹೆಚ್ಚು, ಪುಟ್ಟ ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರವೂ ಹೌದು.

ತೆಂಗಿನ ಹಾಲಿನಲ್ಲಿ ಮಾಡಿದ, ಹಾಲೇ ಇಲ್ಲದ ಐಸ್‌ಕ್ರೀಮ್ ಸುರಕ್ಷಿತ ಎಂದು ಹಲವರು ಭಾವಿಸುತ್ತಾರೆ. ಲ್ಯಾಕ್ಟೋಸಿನ ತೊಂದರೆ ಅಲ್ಲಿ ಇರುವುದಿಲ್ಲ, ನಿಜ. ಕೊಬ್ಬು, ಸಕ್ಕರೆ ಮಾತ್ರ ಇದ್ದಷ್ಟೇ ಇರುತ್ತವೆ, ಕೆಲವೊಮ್ಮೆ ಹೆಚ್ಚೂ ಇರುತ್ತವೆ.

ಇಷ್ಟೆಲ್ಲ ಬಿಟ್ಟ ಮೇಲೆ ಉಳಿಯುವುದು ಹಾಲು, ಕೆನೆ, ಸಕ್ಕರೆ, ವೆನಿಲಾ ಇರುವ ಸಾದಾ ಐಸ್‌ಕ್ರೀಮ್ ಒಂದೇ. ಪಟ್ಟಿ ಚಿಕ್ಕದಾದಷ್ಟೂ ಒಳ್ಳೆಯದು.

ಹಂತ 4: ಮೊದಲ ಬಾರಿ ಕೊಡುವ ಕ್ರಮ

ಮೊದಲ ದಿನ ಒಂದು ಬಟಾಣಿ ಕಾಳಿನಷ್ಟು ಮಾತ್ರ. ಚಮಚದಷ್ಟು ಕೊಡುವುದು ಆಮೇಲಿನ ಮಾತು. ನಿಮಗೆ ಮನೆಯಲ್ಲಿರಲು ಆಗುವ ದಿನ, ಬೆಳಗಿನ ಹೊತ್ತು ಕೊಡಿ. ರಾತ್ರಿ ಕೊಟ್ಟು ಮಲಗಿದರೆ ನಡುರಾತ್ರಿಯ ವಾಂತಿ ಬೆಳಗಿನವರೆಗೆ ಗೊತ್ತಾಗುವುದಿಲ್ಲ, ಹೊಟ್ಟೆ ನೋವಿನಿಂದ ನಾಯಿ ಮೂಲೆಯಲ್ಲಿ ಮುದುಡಿ ಕೂತಿರುತ್ತದೆ. ಅದೇ ದಿನ ಬೇರೆ ಹೊಸ ತಿನಿಸು ಕೊಡಬೇಡಿ, ಇಲ್ಲದಿದ್ದರೆ ಹೊಟ್ಟೆ ಕೆಟ್ಟದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಎರಡು ದಿನ ಏನೂ ಆಗದಿದ್ದರೆ ಮುಂದಿನ ಸಲ ಅರ್ಧ ಚಮಚ, ಅದಕ್ಕೂ ಮುಂದಿನ ಸಲ ಹಂತ 1ರಲ್ಲಿ ಲೆಕ್ಕ ಹಾಕಿದ ಮಿತಿಯವರೆಗೆ.

ಫ್ರೀಜರಿನಿಂದ ತೆಗೆದ ಗಟ್ಟಿ ತುಂಡನ್ನು ಹಾಗೆಯೇ ಹಾಕಬೇಡಿ. ಪುಟ್ಟ ನಾಯಿಗಳು ಅಗಿಯದೆ ನುಂಗುತ್ತವೆ. ಸ್ವಲ್ಪ ಕರಗಿ ಮೆತ್ತಗಾದ ಮೇಲೆ ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಸವರಿ. ನೆಕ್ಕಲು ಹೊತ್ತು ಹಿಡಿಯುತ್ತದೆ, ಚಮಚದಷ್ಟೇ ಇದ್ದರೂ ನಾಯಿಗೆ ಸಂತೋಷ ದೀರ್ಘವಾಗುತ್ತದೆ. ಪಗ್, ಶಿಟ್ಜುಗಳಂಥ ಮೊಂಡು ಮೂಗಿನ ನಾಯಿಗಳು ಆತುರದಲ್ಲಿ ತಿಂದರೆ ಉಸಿರು ಕಟ್ಟುತ್ತದೆ, ಅವುಗಳಿಗಂತೂ ಇದೇ ಕ್ರಮ ಸರಿ. ಕಡ್ಡಿಯ ಐಸ್‌ಕ್ರೀಮನ್ನು ಕಡ್ಡಿಯ ಸಮೇತ ಎಂದೂ ಹಿಡಿಯಬೇಡಿ. ಮರದ ಕಡ್ಡಿ ಕಚ್ಚಿದಾಗ ಸಿಬಿರಾಗಿ ಒಡೆಯುತ್ತದೆ, ಪುಟ್ಟ ಕರುಳಿನಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ.

ತಿಂದ ಮೇಲೆ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕುಡಿಯಲು ನೀರಿಡಿ. ಪುಟ್ಟ ತಳಿಗಳ ದವಡೆಯಲ್ಲಿ ಹಲ್ಲುಗಳು ಒತ್ತೊತ್ತಾಗಿರುವುದರಿಂದ ಹಲ್ಲಿನ ರೋಗ ಅವುಗಳಿಗೆ ಬೇಗ ಅಂಟುತ್ತದೆ. ಆ ದಿನದ ಊಟದಿಂದ ಅಷ್ಟೇ ಕ್ಯಾಲೊರಿ ಕಡಿಮೆ ಮಾಡುವುದನ್ನು ಮರೆಯಬೇಡಿ. ಎಷ್ಟು ದಿನಕ್ಕೊಮ್ಮೆ? ತಿಂಗಳಿಗೆ ಒಂದೆರಡು ಸಲಕ್ಕಿಂತ ಹೆಚ್ಚು ಬೇಡ ಎಂಬುದು ನನ್ನ ಅಭಿಪ್ರಾಯ.

ಬೇಸಿಗೆಯಲ್ಲಿ ‘ನಾಯಿಗೆ ತಂಪಾಗಲಿ’ ಎಂದು ಐಸ್‌ಕ್ರೀಮ್ ಕೊಡುವವರಿಗೆ ಒಂದು ಮಾತು. ನಾಯಿ ಮುಖ್ಯವಾಗಿ ಏದುಸಿರಿನಿಂದ ಮೈಯ ಬಿಸಿಯನ್ನು ಹೊರಹಾಕುತ್ತದೆ. ಒಂದು ಚಮಚ ತಣ್ಣನೆಯ ಸಿಹಿ ಅದಕ್ಕೆ ಏನೂ ನೆರವಾಗುವುದಿಲ್ಲ. ನಾಯಿಯ ಮೈ ಬಿಸಿ ಸಹಜವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ, 41 ದಾಟಿದರೆ ಅದು ಬಿಸಿಲಾಘಾತ. ಜೋರಾದ ಏದುಸಿರು, ಕಡುಕೆಂಪಾದ ವಸಡು, ತೂರಾಟ ಕಂಡರೆ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತಾ ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಆಗ ಐಸ್‌ಕ್ರೀಮ್ ತಿನ್ನಿಸುತ್ತಾ ಕೂರುವುದು ಅಮೂಲ್ಯ ಸಮಯವನ್ನು ಕಳೆದಂತೆ.

ಹಂತ 5: ಆಮೇಲೆ ಏನನ್ನು ಗಮನಿಸಬೇಕು

ಲ್ಯಾಕ್ಟೋಸಿನ ತೊಂದರೆ ಸಾಮಾನ್ಯವಾಗಿ ಹನ್ನೆರಡು ಗಂಟೆಯೊಳಗೆ ಗೊತ್ತಾಗುತ್ತದೆ. ಒಂದೆರಡು ಬಾರಿ ಮಲ ಸಡಿಲವಾಗಿ, ನಾಯಿ ಲವಲವಿಕೆಯಿಂದ ಓಡಾಡಿಕೊಂಡಿದ್ದರೆ ಚಿಂತೆ ಬೇಡ. ನೀರು ಧಾರಾಳವಾಗಿ ಇಡಿ. ಉಪ್ಪು, ಎಣ್ಣೆ, ಮಸಾಲೆ ಇಲ್ಲದೆ ಬೇಯಿಸಿದ ಅನ್ನವನ್ನು ಚರ್ಮ, ಮೂಳೆ ತೆಗೆದ ಬೇಯಿಸಿದ ಕೋಳಿಮಾಂಸದೊಂದಿಗೆ ಚೂರುಚೂರೇ ಕೊಡಿ. ಇಂಥ ನಾಯಿಗೆ ಮತ್ತೆ ಐಸ್‌ಕ್ರೀಮ್ ಕೊಡದಿರಿ, ಅದರ ಹೊಟ್ಟೆ ಉತ್ತರ ಹೇಳಿಯಾಯಿತು.

ಮೇದೋಜೀರಕದ ಉರಿಯೂತ ಕೆಲವೊಮ್ಮೆ ಒಂದೆರಡು ದಿನ ಬಿಟ್ಟು ತಲೆಯೆತ್ತುತ್ತದೆ. ಮತ್ತೆ ಮತ್ತೆ ವಾಂತಿ, ಊಟ ಮುಟ್ಟದಿರುವುದು, ಹೊಟ್ಟೆ ಮುಟ್ಟಿದರೆ ಕುಂಯ್‌ಗುಡುವುದು, ಬೆನ್ನು ಗೂನಾಗಿಸಿ ನಿಲ್ಲುವುದು ಅದರ ಚಿಹ್ನೆಗಳು. ಮುಂಗಾಲು, ಎದೆಯನ್ನು ನೆಲಕ್ಕೆ ಒತ್ತಿ ಹಿಂಭಾಗವನ್ನು ಮೇಲೆತ್ತಿ ಬಹಳ ಹೊತ್ತು ಹಾಗೆಯೇ ಇರುವ ಭಂಗಿಯನ್ನು ವಿಶೇಷವಾಗಿ ಗಮನಿಸಿ. ಆಟಕ್ಕೆ ಕರೆಯುವಾಗಲೂ ನಾಯಿ ಹೀಗೇ ಬಾಗುತ್ತದೆ, ಆದರೆ ಆಗ ಬಾಲ ಅಲ್ಲಾಡುತ್ತಿರುತ್ತದೆ, ಮರುಕ್ಷಣ ಜಿಗಿಯುತ್ತದೆ. ನೋವಿನಿಂದ ಬಾಗಿದ ನಾಯಿ ಜಿಗಿಯುವುದಿಲ್ಲ.

ಮೂರಕ್ಕಿಂತ ಹೆಚ್ಚು ಸಲ ವಾಂತಿಯಾದರೆ, ವಾಂತಿ ಅಥವಾ ಮಲದಲ್ಲಿ ರಕ್ತ ಕಂಡರೆ, ನೀರೂ ನಿಲ್ಲದಿದ್ದರೆ, ಭೇದಿ ಒಂದು ದಿನ ಮೀರಿದರೆ ಕಾಯದೆ ಪಶುವೈದ್ಯರಲ್ಲಿಗೆ ಹೋಗಿ. ವಸಡನ್ನು ಬೆರಳಿನಿಂದ ಮುಟ್ಟಿ ನೋಡಿ: ಒದ್ದೆಯಾಗಿ ಜಾರಬೇಕು, ಒಣಗಿ ಅಂಟಂಟಾಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಪುಟ್ಟ ದೇಹದಲ್ಲಿ ನೀರಿನ ದಾಸ್ತಾನೇ ಕಡಿಮೆ.

ಹಂತ 6: ಕದ್ದು ತಿಂದಾಗ

ಮೊದಲು ಉಳಿದ ಐಸ್‌ಕ್ರೀಮನ್ನು ದೂರವಿಡಿ, ನಾಯಿಯ ಬಾಯಲ್ಲಿ ಕಡ್ಡಿ, ಹಾಳೆಯ ಚೂರು ಇದೆಯೇ ನೋಡಿ. ಆಮೇಲೆ ಡಬ್ಬಿಯನ್ನು ಹುಡುಕಿ, ಪದಾರ್ಥಗಳ ಪಟ್ಟಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆಯಿರಿ. ಎಷ್ಟು ಖಾಲಿಯಾಗಿದೆ, ಎಷ್ಟು ಹೊತ್ತಿಗೆ ತಿಂದಿರಬಹುದು ಎಂದು ಅಂದಾಜಿಸಿ. ನಾಯಿಯ ತೂಕ, ಐಸ್‌ಕ್ರೀಮಿನ ಬಗೆ, ಪ್ರಮಾಣ, ಸಮಯ ನಾಲ್ಕನ್ನೂ ಪಶುವೈದ್ಯರಿಗೆ ಫೋನಿನಲ್ಲಿ ಹೇಳಿದರೆ ಅವರು ಅಲ್ಲೇ ಲೆಕ್ಕ ಹಾಕಿ ಮುಂದಿನ ದಾರಿ ಹೇಳಬಲ್ಲರು.

ಸಾದಾ ವೆನಿಲಾ ಆಗಿದ್ದರೆ ಹೆಚ್ಚಾಗಿ ಕಾದು ನೋಡುವುದೇ ಕೆಲಸ. ಕ್ಸೈಲಿಟಾಲ್, ಒಣದ್ರಾಕ್ಷಿ, ಮದ್ಯ, ಹೆಚ್ಚು ಪ್ರಮಾಣದ ಚಾಕೊಲೇಟ್ ಅಥವಾ ಕಾಫಿ ಇದ್ದರೆ ನಾಯಿ ಚೆನ್ನಾಗಿ ಕಂಡರೂ ಹೊರಡಿ. ತಿಂದ ಒಂದೆರಡು ಗಂಟೆಯೊಳಗೆ ತಲುಪಿದರೆ ವಾಂತಿ ಮಾಡಿಸಿ ಹೊಟ್ಟೆಯಲ್ಲಿರುವುದನ್ನು ತೆಗೆಯಲು ವೈದ್ಯರಿಗೆ ಅವಕಾಶ ಸಿಗುತ್ತದೆ. ಚಿಹ್ನೆಗಳು ಕಾಣಲಿ ಎಂದು ಕಾಯುವುದರಲ್ಲೇ ಆ ಅವಕಾಶ ಕೈತಪ್ಪುತ್ತದೆ. ಚಾಕೊಲೇಟಿನ ಚಿಹ್ನೆಗಳು ಆರರಿಂದ ಹನ್ನೆರಡು ಗಂಟೆ ಕಳೆದು ಬರುತ್ತವೆ, ಮೂತ್ರಪಿಂಡದ ಹಾನಿ ಕಣ್ಣಿಗೆ ಕಾಣಲು ಇನ್ನೂ ಹೆಚ್ಚು ಹೊತ್ತು ಬೇಕು.

ಮನೆಯಲ್ಲಿ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನ ಯಾವ ಕಾರಣಕ್ಕೂ ಬೇಡ. ಪುಟ್ಟ ನಾಯಿಯ ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೇ ಪೆಟ್ಟು ಬೀಳಬಹುದು. ಗಂಟಲಿಗೆ ಬೆರಳು ಹಾಕುವುದೂ ಬೇಡ. ಹೈಡ್ರೋಜನ್ ಪೆರಾಕ್ಸೈಡನ್ನು ವೈದ್ಯರೇ ಅಳತೆ ಹೇಳಿ ಕೊಡಿಸಿದರೆ ಮಾತ್ರ ಬಳಸಬಹುದು. ಮೊಂಡು ಮೂಗಿನ ನಾಯಿಗಳಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಹೆಚ್ಚು. ಕ್ಸೈಲಿಟಾಲ್ ತಿಂದ ನಾಯಿ ದಾರಿಯಲ್ಲೇ ನಿತ್ರಾಣವಾದರೆ ವಸಡಿಗೆ ಸ್ವಲ್ಪ ಜೇನು ಅಥವಾ ಸಕ್ಕರೆ ಪಾಕ ಸವರಲು ವೈದ್ಯರು ಫೋನಿನಲ್ಲಿ ಹೇಳಬಹುದು, ಜೇನಿನ ಬಾಟಲಿಯನ್ನು ಜೊತೆಗಿಟ್ಟುಕೊಂಡೇ ಹೊರಡಿ. ಸೆಳವು ಬಂದಿರುವಾಗ ಬಾಯಿಗೆ ಏನನ್ನೂ ಹಾಕಬೇಡಿ.

ಹಂತ 7: ಮನೆಯಲ್ಲೇ ಮಾಡುವ ಬದಲಿ ತಿನಿಸು

ಇದು ನನಗೆ ಪ್ರಿಯವಾದ ಭಾಗ, ಏಕೆಂದರೆ ಇಲ್ಲಿ ‘ಬೇಡ’ ಎನ್ನಬೇಕಾಗಿಲ್ಲ. ಸಿಹಿ ಬೆರೆಸದ ಸಾದಾ ಮೊಸರು 100 ಗ್ರಾಂ, ಚೆನ್ನಾಗಿ ಕಳಿತ ಬಾಳೆಹಣ್ಣು 50 ಗ್ರಾಂ ತೆಗೆದುಕೊಳ್ಳಿ. ಹಣ್ಣನ್ನು ಕಿವುಚಿ ಮೊಸರಿನೊಂದಿಗೆ ಗಂಟಿಲ್ಲದಂತೆ ಕಲಸಿ, ಸಿಲಿಕೋನ್ ಅಚ್ಚಿನ ಗುಳಿಗಳಲ್ಲಿ ಹತ್ತು ಹತ್ತು ಗ್ರಾಂ ತುಂಬಿ ಫ್ರೀಜರಿನಲ್ಲಿಡಿ. ಹದಿನೈದು ತುಂಡುಗಳಾಗುತ್ತವೆ, ಒಂದೊಂದರಲ್ಲೂ ಸುಮಾರು 7 ಕ್ಯಾಲೊರಿ. 3 ಕಿಲೋ ನಾಯಿಗೆ ದಿನಕ್ಕೆ ಒಂದು ಸಾಕು, 8 ಕಿಲೋ ನಾಯಿಗೆ ಎರಡು ಮೂರು ಕೊಡಬಹುದು. ಹುದುಗುವಾಗ ಬ್ಯಾಕ್ಟೀರಿಯಾಗಳು ಸ್ವಲ್ಪ ಲ್ಯಾಕ್ಟೋಸನ್ನು ತಿಂದುಬಿಡುವುದರಿಂದ ಹೆಚ್ಚಿನ ನಾಯಿಗಳಿಗೆ ಹಾಲಿಗಿಂತ ಮೊಸರು ಸಲೀಸಾಗಿ ಹಿಡಿಸುತ್ತದೆ. ಮೊದಲ ಸಲ ಇದನ್ನೂ ಬಟಾಣಿ ಕಾಳಿನಷ್ಟರಿಂದಲೇ ಶುರುಮಾಡಿ.

ಹಾಲಿನ ಯಾವ ಪದಾರ್ಥವೂ ಆಗದ ನಾಯಿಗೆ ಕಲ್ಲಂಗಡಿ. ಬೀಜ, ಸಿಪ್ಪೆ, ಬಿಳಿಯ ಭಾಗ ತೆಗೆದು ಕೆಂಪು ತಿರುಳನ್ನು ರುಬ್ಬಿ ಹಾಗೆಯೇ ಹೆಪ್ಪುಗಟ್ಟಿಸಿ. ನೂರು ಗ್ರಾಮಿಗೆ 30 ಕ್ಯಾಲೊರಿ ಮಾತ್ರ. ಮೇದೋಜೀರಕದ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರುವ ನಾಯಿಗಾದರೆ ಇದನ್ನೂ ವೈದ್ಯರನ್ನು ಕೇಳಿಯೇ ಕೊಡಿ. ಸಿಹಿಗಿಂತ ಮಾಂಸದ ವಾಸನೆಗೆ ಮನಸೋಲುವ ನಾಯಿಗೆ ಉಪ್ಪಿಲ್ಲದೆ ಕೋಳಿಮಾಂಸ ಬೇಯಿಸಿದ ನೀರನ್ನು ತಣಿಸಿ, ಮೇಲೆ ಕಟ್ಟಿದ ಕೊಬ್ಬನ್ನು ತೆಗೆದು ಅಚ್ಚಿಗೆ ಹಾಕಿ. ಆ ನೀರಿಗೆ ಈರುಳ್ಳಿ, ಬೆಳ್ಳುಳ್ಳಿ ತಾಗಿರಲೇಬಾರದು, ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕಡಲೆಕಾಯಿ ಬೆಣ್ಣೆ ಸೇರಿಸುವ ಆಸೆಯಿದ್ದರೆ ಅದರ ಡಬ್ಬಿಯಲ್ಲೂ ಕ್ಸೈಲಿಟಾಲ್ ಹುಡುಕಿ. ಕೆಲವು ತಯಾರಿಕೆಗಳಲ್ಲಿ ಇರುತ್ತದೆ.

ಬಡಿಸುವಾಗ ಕಲ್ಲಿನಂತೆ ಗಟ್ಟಿಯಾಗಿರುವ ತುಂಡನ್ನು ಕೊಡಬೇಡಿ, ಹಲ್ಲು ಸೀಳಬಹುದು, ಗಂಟಲಿಗೆ ಸಿಕ್ಕಬಹುದು. ಐದು ಹತ್ತು ನಿಮಿಷ ಹೊರಗಿಟ್ಟು ಮೆತ್ತಗಾದ ಮೇಲೆ ಚಮಚದಿಂದ ಜಜ್ಜಿ ತಟ್ಟೆಗೆ ಹಾಕಿ. ಉಳಿದ ತುಂಡುಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಒಂದು ತಿಂಗಳು ಇಡಬಹುದು. ಡಬ್ಬಿಯ ಮೇಲೆ ನಾಯಿಯ ಹೆಸರು, ಮಾಡಿದ ದಿನಾಂಕ, ದಿನಕ್ಕೆ ಎಷ್ಟು ತುಂಡು ಎಂದು ಬರೆದು ಫ್ರೀಜರಿನ ಮುಂಭಾಗದಲ್ಲೇ ಇಡಿ. ಮಕ್ಕಳಿಗೂ ಅತಿಥಿಗಳಿಗೂ ನಾಯಿಗೆ ಏನಾದರೂ ಕೊಡುವ ಆಸೆಯಾದಾಗ ಮೊದಲು ಕೈಗೆ ಸಿಗುವುದು ಅದೇ ಡಬ್ಬಿಯಾಗಿರಬೇಕು.